ಒಂದೇ ದಿನದಲ್ಲಿ ಹಿರೋಶಿಮಾ: ಏನು ನೋಡಲಿ, ಏನು ಬಿಡಲಿ?

ಪ್ರಶ್ನೆ: ನಾನು ಧಾರವಾಡದವಳು. ಒಕಾಯಾಮಾದ ಒಂದು ವಿಶ್ವವಿದ್ಯಾಲಯಕ್ಕೆ ಆರು ತಿಂಗಳ ಎಕ್ಸ್‌ಚೇಂಜ್ ಮೇಲೆ ಬಂದಿದ್ದೇನೆ. ನವೆಂಬರ್‌ನಲ್ಲಿ ಒಂದು ಶನಿವಾರ ಹಿರೋಶಿಮಾಕ್ಕೆ ಹೋಗಿ ಅದೇ ರಾತ್ರಿ ವಾಪಸ್ ಬರಬೇಕು ಅಂತಿದ್ದೇನೆ. ಲ್ಯಾಬಿನ ಜಪಾನಿ ಗೆಳತಿಯೂ ಜೊತೆಗೆ ಬರುತ್ತಾಳೆ. ಮಿಯಾಜಿಮಾ ದ್ವೀಪವನ್ನೂ ಅದೇ ದಿನ ನೋಡಬಹುದಾ? ಶಿಂಕಾನ್ಸೆನ್ (ಬುಲೆಟ್ ರೈಲು) ದುಬಾರಿ, ಬೇರೆ ದಾರಿ ಇದೆಯಾ? ನಾನು ಸಸ್ಯಾಹಾರಿ, ಊಟಕ್ಕೇನು ಮಾಡಲಿ? ಅಲ್ಲಿನ ಅಣುಬಾಂಬ್ ಮ್ಯೂಸಿಯಂ ಒಳಗೆ ಹೋಗಲು ಸ್ವಲ್ಪ ಹೆದರಿಕೆಯೂ ಇದೆ. ಗೆಳತಿಯ ಹತ್ತಿರ ಆ ವಿಷಯ ಹೇಗೆ ಮಾತಾಡಬೇಕು ಅಂತಾನೂ ಗೊತ್ತಾಗುತ್ತಿಲ್ಲ.

ಉತ್ತರ:

ಮೊದಲು ಮಿಯಾಜಿಮಾ ವಿಷಯ ಮುಗಿಸಿಬಿಡೋಣ. ಅದೇ ದಿನ ಬೇಡ.

ಪ್ಯಾಕೇಜ್ ಟೂರಿನವರು ಎರಡನ್ನೂ ಒಂದೇ ದಿನದಲ್ಲಿ ತೋರಿಸುತ್ತಾರೆ, ನಿಜ. ಬೆಳಿಗ್ಗೆ ಶಾಂತಿ ಸ್ಮಾರಕ ಪಾರ್ಕಿನಲ್ಲಿ ಎರಡು ಗಂಟೆ, ಮಧ್ಯಾಹ್ನ ದ್ವೀಪ, ಸಂಜೆ ರೈಲು. ಹಿರೋಶಿಮಾ ಸ್ಟೇಷನ್ನಿನಿಂದ ಮಿಯಾಜಿಮಾಗುಚಿಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ, ಅಲ್ಲಿಂದ ದೋಣಿಯಲ್ಲಿ ಹತ್ತು ನಿಮಿಷ. ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಆದರೆ ಹಾಗೆ ಹೋದವರು ಹಿರೋಶಿಮಾದಲ್ಲಿ ಬಾಂಬ್ ಬಿದ್ದ ಜಾಗ ನೋಡುತ್ತಾರೆ, ಹಿರೋಶಿಮಾ ಊರು ನೋಡುವುದಿಲ್ಲ. ಅಲ್ಲಿ ಮೊದಲು ಏನಿತ್ತು, ಆಮೇಲೆ ಜನ ಹೇಗೆ ಎದ್ದು ನಿಂತರು, ಈಗ ಅಲ್ಲಿನ ಹನ್ನೆರಡು ಲಕ್ಷ ಜನ ಹೇಗಿದ್ದಾರೆ, ಇದಕ್ಕೆಲ್ಲ ಸಮಯವೇ ಉಳಿಯುವುದಿಲ್ಲ. ಮ್ಯೂಸಿಯಂ ನೋಡಿ ಮನಸ್ಸು ಭಾರವಾಗಿ ಹೊರಗೆ ಬಂದವರು ತಕ್ಷಣ ದೋಣಿ ಹಿಡಿಯಲು ಓಡುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ನನಗೆ ಅದು ಸರಿ ಅನಿಸುವುದಿಲ್ಲ. ನೀವು ಒಕಾಯಾಮಾದಲ್ಲೇ ಇರುವವರು. ದ್ವೀಪಕ್ಕೆ ಇನ್ನೊಂದು ದಿನ ಹೋದರಾಯಿತು.

ಇನ್ನು ರೈಲು. ಒಂದು ವಿಷಯ ಮೊದಲೇ ತಿಳಿದಿರಲಿ. ಜೆಆರ್ (ಜಪಾನ್ ರೈಲ್ವೆ) ಪಾಸ್ ಅಂತ ಎಲ್ಲರೂ ಹೇಳುತ್ತಾರಲ್ವಾ, ಅದು ನಿಮಗೆ ಸಿಗುವುದಿಲ್ಲ. ಅಲ್ಪಾವಧಿ ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರಿಗೆ ಮಾತ್ರ ಅದನ್ನು ಕೊಡುತ್ತಾರೆ. ನಿಮ್ಮದು ವಿದ್ಯಾರ್ಥಿ ವೀಸಾ, ಕೈಯಲ್ಲಿ ರೆಸಿಡೆನ್ಸ್ ಕಾರ್ಡ್ ಇದೆ. ಪ್ರವಾಸಿಗಳಿಗೆಂದು ಜೆಆರ್ ವೆಸ್ಟ್ ಮಾರುವ ಪಾಸ್‌ಗಳದ್ದೂ ಇದೇ ನಿಯಮ. ಅಪ್ಪ ಅಮ್ಮ ನೋಡಲು ಬಂದರೆ ಅವರು ತೆಗೆದುಕೊಳ್ಳಬಹುದು, ಅಷ್ಟೇ.

ನಿಮಗೆ ಸಿಗಬಹುದಾದದ್ದು ಗಾಕುವಾರಿ. ಇದು ವಿದ್ಯಾರ್ಥಿ ರಿಯಾಯಿತಿ. ಒಂದು ಕಡೆಯ ಪ್ರಯಾಣ 100 ಕಿಲೋಮೀಟರ್ ದಾಟಿದರೆ ಜೆಆರ್ ಮೂಲ ದರದಲ್ಲಿ 20% ಬಿಡುತ್ತದೆ. ಒಕಾಯಾಮಾದಿಂದ ಹಿರೋಶಿಮಾ 160 ಕಿಲೋಮೀಟರ್ ಚಿಲ್ಲರೆ, ಆದ್ದರಿಂದ ದೂರದ ತೊಂದರೆಯಿಲ್ಲ. ವಿಶ್ವವಿದ್ಯಾಲಯದಿಂದ ಪ್ರಮಾಣಪತ್ರ ತಂದು ಟಿಕೆಟ್ ಕೌಂಟರಿನಲ್ಲಿ ಕೊಡಬೇಕು. ಕೆಲವು ವಿಶ್ವವಿದ್ಯಾಲಯಗಳು ಪದವಿಗೆ ಸೇರಿದವರಿಗೆ ಮಾತ್ರ ಈ ಪತ್ರ ಕೊಡುತ್ತವೆ, ಎಕ್ಸ್‌ಚೇಂಜ್‌ನವರಿಗೆ ಕೊಡುವುದಿಲ್ಲ. ಸುಮ್ನೆ ಊಹೆ ಮಾಡಬೇಡಿ, ವಿದ್ಯಾರ್ಥಿ ಆಫೀಸಿನಲ್ಲಿ ಕೇಳಿ. ನಿಮಗೆ ಸಿಗದಿದ್ದರೂ ಗೆಳತಿಗೆ ಖಂಡಿತ ಸಿಗುತ್ತದೆ.

ಶಿಂಕಾನ್ಸೆನ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುತ್ತೀರಿ. ಟಿಕೆಟ್ ಆರು ಸಾವಿರ ಯೆನ್ ಆಸುಪಾಸು. ಸಾನ್ಯೋ ಲೈನಿನ ಲೋಕಲ್ ರೈಲಿನಲ್ಲಾದರೆ ಮೂರು ಸಾವಿರ ಯೆನ್ ಚಿಲ್ಲರೆ, ಆದರೆ ಮೂರು ಗಂಟೆ ಹತ್ತಿರ ಬೇಕು, ಸಾಮಾನ್ಯವಾಗಿ ಇತೊಝಾಕಿಯಲ್ಲಿ ಗಾಡಿ ಬದಲಿಸಬೇಕು. ಹೈವೇ ಬಸ್ಸೂ ಇದೆ, ಎರಡೂವರೆ ಗಂಟೆ ಹಿಡಿಯುತ್ತದೆ. ನನ್ನ ಸಲಹೆ: ಹೋಗುವಾಗ ಶಿಂಕಾನ್ಸೆನ್, ಬರುವಾಗ ಲೋಕಲ್. ಬೆಳಗಿನ ಎರಡು ಗಂಟೆ ಉಳಿಸಲು ಮೂರು ಸಾವಿರ ಯೆನ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ರಾತ್ರಿ ವಾಪಸ್ ಬರುವಾಗ ಆ ಆತುರ ಇರುವುದಿಲ್ಲ. ರೆಸಿಡೆನ್ಸ್ ಕಾರ್ಡ್ ಮರೆಯದೆ ಇಟ್ಟುಕೊಳ್ಳಿ. ಅದನ್ನು ಯಾವಾಗಲೂ ಹತ್ತಿರ ಇಟ್ಟುಕೊಂಡಿರಬೇಕು ಅನ್ನುವುದು ಅಲ್ಲಿನ ಕಾನೂನು.

ಈಗ ಮ್ಯೂಸಿಯಂ ಟಿಕೆಟ್. 2024–25ರಲ್ಲಿ ಅಲ್ಲಿಗೆ ಬಂದವರ ಸಂಖ್ಯೆ 20 ಲಕ್ಷ ದಾಟಿತು. ನವೆಂಬರ್ ಶನಿವಾರ ಹತ್ತು ಗಂಟೆಗೆ ಹೋದರೆ ಪ್ರತಿ ಗಾಜಿನ ಪೆಟ್ಟಿಗೆಯ ಮುಂದೆ ಮೂರು ಸಾಲು ಜನ ಇರುತ್ತಾರೆ. ಬೆಳಿಗ್ಗೆ 7:30ಕ್ಕೇ ಬಾಗಿಲು ತೆರೆಯುತ್ತದೆ, ಆದರೆ ಆ ಮೊದಲ ಗಂಟೆಗೆ ಆನ್‌ಲೈನ್‌ನಲ್ಲಿ ಮುಂಚೆಯೇ ಟಿಕೆಟ್ ಮಾಡಿಸಿರಬೇಕು. ದರ 200 ಯೆನ್ ಮಾತ್ರ. ಬೆಳಗಿನ ಮೊದಲ ಗಾಡಿಗಳಲ್ಲಿ ಒಂದನ್ನು ಹಿಡಿದು ಎಂಟೂವರೆಯೊಳಗೆ ಮ್ಯೂಸಿಯಂ ಬಾಗಿಲಲ್ಲಿರಿ.

ಸ್ಟೇಷನ್ನಿನಿಂದ ಟ್ರಾಮ್ ಹತ್ತಿ. 2025ರ ಆಗಸ್ಟ್‌ನಿಂದ ಟ್ರಾಮ್ ಸ್ಟೇಷನ್ ಕಟ್ಟಡದ ಎರಡನೇ ಮಹಡಿಗೇ ಬರುತ್ತದೆ, ಹುಡುಕಾಡಬೇಕಿಲ್ಲ. 2 ಅಥವಾ 6ನೇ ನಂಬರ್ ಹತ್ತಿ ಗೆಂಬಾಕು ಡೋಮ್-ಮಾಏ ನಿಲ್ದಾಣದಲ್ಲಿ ಇಳಿಯಿರಿ, ಸುಮಾರು ಹದಿನೈದು ನಿಮಿಷ. ಊರೊಳಗೆ ಎಲ್ಲಿಗೆ ಹೋದರೂ ಒಂದೇ ದರ, 240 ಯೆನ್. ಇಳಿಯುವಾಗ ಕೊಟ್ಟರಾಯಿತು, ಇಕೋಕಾ ಕಾರ್ಡ್ (ಜೆಆರ್ ವೆಸ್ಟ್‌ನ ಪ್ರೀಪೇಯ್ಡ್ ಕಾರ್ಡ್) ನಡೆಯುತ್ತದೆ.

ಈ ಟ್ರಾಮ್ ಬಗ್ಗೆ ಎರಡು ಮಾತು ಹೇಳಲೇಬೇಕು. ಬಾಂಬ್ ಬಿದ್ದದ್ದು 1945ರ ಆಗಸ್ಟ್ 6, ಬೆಳಿಗ್ಗೆ 8:15ಕ್ಕೆ. ಆಗಸ್ಟ್ 9ಕ್ಕೆ, ಅಂದರೆ ಮೂರೇ ದಿನಕ್ಕೆ, ಪಶ್ಚಿಮದಲ್ಲಿ ಕೋಇಯಿಂದ ನಿಶಿ-ತೆನ್ಮಾ-ಚೋವರೆಗಿನ ಸಣ್ಣ ಹಾದಿಯಲ್ಲಿ ಟ್ರಾಮ್ ಮತ್ತೆ ಓಡಿತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಆ ಕಂಪನಿ 1943ರಲ್ಲಿ ಹುಡುಗಿಯರಿಗಾಗಿ ಒಂದು ಶಾಲೆಯನ್ನೇ ತೆರೆದಿತ್ತು. ಅರ್ಧ ದಿನ ಪಾಠ, ಅರ್ಧ ದಿನ ಟ್ರಾಮ್ ಕೆಲಸ. ಹದಿನೈದು ಹದಿನಾರರ ಮಕ್ಕಳು ಕಂಡಕ್ಟರ್ ಆಗಿದ್ದರು, ಡ್ರೈವರ್ ಕೂಡ ಆಗಿದ್ದರು. ಬಾಂಬ್ ಬಿದ್ದ ಮೇಲೆ ಆ ಮೊದಲ ಗಾಡಿಗಳಲ್ಲಿ ಕೆಲಸ ಮಾಡಿದವರಲ್ಲೂ ಆ ಹುಡುಗಿಯರಿದ್ದರು. ಅಂದು ಬಾಂಬಿಗೆ ಸಿಕ್ಕಿ, ಆಮೇಲೆ ರಿಪೇರಿಯಾದ 651, 652 ನಂಬರಿನ ಗಾಡಿಗಳು ಇವತ್ತಿಗೂ ಕಂಪನಿಯ ಹತ್ತಿರ ಇವೆ. ಕಣ್ಣಿಗೆ ಬಿದ್ದರೆ ನಿಮ್ಮ ಅದೃಷ್ಟ.

ಟ್ರಾಮ್ ಇಳಿದರೆ ಎದುರಿಗೇ ಅಣುಬಾಂಬ್ ಡೋಮ್. 1915ರಲ್ಲಿ ಚೆಕ್ ಮೂಲದ ವಾಸ್ತುಶಿಲ್ಪಿ ಯಾನ್ ಲೆಟ್ಸೆಲ್ ಕಟ್ಟಿಸಿದ ವಸ್ತುಪ್ರದರ್ಶನದ ಕಟ್ಟಡ ಅದು. ಬಾಂಬ್ ಸುಮಾರು 600 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಸಿಡಿಯಿತು. ಒತ್ತಡ ಮೇಲಿನಿಂದ ನೇರವಾಗಿ ಬಂದದ್ದರಿಂದ ಕೆಲವು ಗೋಡೆಗಳು ನಿಂತವು, ಒಳಗಿದ್ದವರು ಯಾರೂ ಉಳಿಯಲಿಲ್ಲ. ಈಗ ಎಲ್ಲರೂ ಅದನ್ನು ಊರಿನ ಗುರುತು ಅನ್ನುತ್ತಾರೆ. ಆದರೆ ಆ ಊರಿನವರೇ ವರ್ಷಗಟ್ಟಲೆ ಜಗಳವಾಡಿದ್ದರು. ನೋಡಿದರೆ ಹೊಟ್ಟೆ ಉರಿಯುತ್ತದೆ, ಕೆಡವಿ ಅಂತ ಒಂದು ಗುಂಪು. ಉಳಿಸಿ ಅಂತ ಇನ್ನೊಂದು. ಒಂದು ವರ್ಷದ ಮಗುವಾಗಿದ್ದಾಗ ಬಾಂಬಿಗೆ ಸಿಕ್ಕಿ 1960ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗಿಯೊಬ್ಬಳು ತನ್ನ ದಿನಚರಿಯಲ್ಲಿ ಈ ಕಟ್ಟಡದ ಬಗ್ಗೆ ಬರೆದಿದ್ದಳು. ಅದನ್ನು ಓದಿದ ಶಾಲಾ ಮಕ್ಕಳು ಸಹಿ ಸಂಗ್ರಹಕ್ಕೆ ಇಳಿದರು. 1966ರಲ್ಲಿ ನಗರಸಭೆ ಉಳಿಸುವ ನಿರ್ಧಾರ ಮಾಡಿತು. 1996ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಬೆಳಿಗ್ಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಆಮೇಲೆ ಮತ್ತೆ ಬರುತ್ತೀರಿ. ಹೊಳೆ ದಾಟಿ ನೇರ ಮ್ಯೂಸಿಯಂಗೆ ಹೋಗಿ.

ಹೆದರಿಕೆಯ ಮಾತಿಗೆ ಬರೋಣ. ನಿಮಗೆ ಹೆದರಿಕೆ ಆಗುವುದರಲ್ಲಿ ತಪ್ಪೇನಿಲ್ಲ. ಒಳಗಿನ ವ್ಯವಸ್ಥೆ ಮೊದಲೇ ಗೊತ್ತಿದ್ದರೆ ಧೈರ್ಯ ಬರುತ್ತದೆ. ಪೂರ್ವ ಕಟ್ಟಡದಲ್ಲಿ ಒಳಗೆ ಹೋಗಿ ಮೇಲೆ ಹತ್ತುತ್ತೀರಿ. ಮೊದಲು ಸಿಗುವುದು ಬಾಂಬಿಗೆ ಮುಂಚಿನ ಊರಿನ ಫೋಟೊಗಳು. ಅಂಗಡಿ ಸಾಲು, ಹೊಳೆಯಲ್ಲಿ ಈಜುವ ಮಕ್ಕಳು, ಶಾಲೆಯ ಗುಂಪು ಫೋಟೊ. ತುಂಬಾ ಜನ ಇದನ್ನು ದಾಟಿಕೊಂಡು ಮುಂದೆ ಓಡುತ್ತಾರೆ. ನೀವು ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಇದನ್ನು ನೋಡದಿದ್ದರೆ ಮುಂದಿನದ್ದೆಲ್ಲ ಬರೀ ಅಂಕಿ ಅಂಶ ಆಗಿಬಿಡುತ್ತದೆ. 1945ರ ಕೊನೆಯ ಹೊತ್ತಿಗೆ ಸುಮಾರು 1,40,000 ಜನ ಸತ್ತರು ಅಂದರೆ ತಲೆಗೆ ಹೋಗುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ.

ಆಮೇಲೆ ಮುಖ್ಯ ಕಟ್ಟಡ. 2019ರಲ್ಲಿ ಇದನ್ನು ಪೂರ್ತಿ ಹೊಸದಾಗಿ ಜೋಡಿಸಿದರು. ಹಿಂದೆ ಸುಟ್ಟ ಮೈಯ ಮೇಣದಂಥ ಬೊಂಬೆಗಳಿದ್ದವು, ಅವನ್ನು ತೆಗೆದಿದ್ದಾರೆ. ಈಗ ಇರುವುದು ಹೆಚ್ಚಾಗಿ ಜನರ ನಿಜವಾದ ಸಾಮಾನುಗಳು. ಮೊದಲ ಭಾಗದಲ್ಲಿ ಗಾಯಗೊಂಡವರ ಫೋಟೊಗಳೂ, ಬದುಕಿದವರು ಬಿಡಿಸಿದ ಚಿತ್ರಗಳೂ ಇವೆ. ಅದೇ ಅತಿ ಕಷ್ಟದ ಭಾಗ. ಆಗದಿದ್ದರೆ ಕಣ್ಣು ತಗ್ಗಿಸಿ ಬೇಗ ನಡೆದುಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸಾಮಾನುಗಳ ಹತ್ತಿರ ನಿಧಾನವಾಗಿರಿ. ಅಲ್ಲಿ ಒಂದು ಊಟದ ಡಬ್ಬಿ ಇದೆ. ಹದಿಮೂರು ವರ್ಷದ ಹುಡುಗನದ್ದು. ವಿಮಾನ ದಾಳಿಯಾದರೆ ಬೆಂಕಿ ಹರಡದಿರಲಿ ಅಂತ ಊರ ಮಧ್ಯದ ಮನೆಗಳನ್ನು ಕೆಡವಿ ಜಾಗ ಬಿಡಿಸುತ್ತಿದ್ದರು. ಆ ಕೆಲಸಕ್ಕೆ ಹೈಸ್ಕೂಲು ಮಕ್ಕಳನ್ನು ಕರೆಸಿದ್ದರು. ಅಂಥ ಸುಮಾರು 6,000 ಮಕ್ಕಳು ಅವತ್ತು ಬಯಲಿನಲ್ಲಿ ನಿಂತಿದ್ದಾಗಲೇ ಹೋದರು. ಈ ಹುಡುಗನ ತಾಯಿ ಹುಡುಕಿಕೊಂಡು ಬಂದಾಗ ಅವನು ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡ ಹಾಗೆಯೇ ಸಿಕ್ಕ. ಬಾರ್ಲಿ, ಸೋಯಾ ಕಾಳು ಬೆರೆಸಿದ ಅನ್ನ, ಆಲೂಗಡ್ಡೆ ಪಲ್ಯ. ಆ ದಿನಗಳ ಕೊರತೆಯಲ್ಲಿ ಅದು ಒಳ್ಳೆಯ ಊಟ. ಮುಚ್ಚಳದ ಒಳಗೆ ಇದ್ದದ್ದೆಲ್ಲ ಇದ್ದಿಲಾಗಿದೆ.

ಇನ್ನೊಂದು ಮೂರು ಚಕ್ರದ ಸೈಕಲ್. ಇನ್ನೂ ನಾಲ್ಕು ತುಂಬದ ಮಗು ಮನೆ ಮುಂದೆ ಅದರ ಮೇಲೆ ಆಡುತ್ತಿತ್ತು. ಅಷ್ಟು ಸಣ್ಣ ಮಗುವನ್ನು ದೂರದ ಸ್ಮಶಾನದಲ್ಲಿ ಒಂಟಿಯಾಗಿ ಬಿಡಲು ಮನಸ್ಸಾಗದೆ ತಂದೆ ಹಿತ್ತಲಲ್ಲೇ ಮಣ್ಣು ಮಾಡಿದರು, ಸೈಕಲ್ಲನ್ನೂ ಜೊತೆಗಿಟ್ಟರು. ನಲವತ್ತು ವರ್ಷದ ನಂತರ, 1985ರಲ್ಲಿ, ಮಗುವಿನ ಮೂಳೆಗಳನ್ನು ಮನೆತನದ ಸಮಾಧಿಗೆ ಸೇರಿಸಲು ಅಗೆದಾಗ ಸೈಕಲ್ ಹೊರಬಂತು. ತಂದೆಯೇ ಅದನ್ನು ಮ್ಯೂಸಿಯಂಗೆ ಕೊಟ್ಟರು. ಅಲ್ಲಿ ಫೋಟೊ ತೆಗೆಯಲು ಅಡ್ಡಿಯಿಲ್ಲ, ಫ್ಲಾಶ್ ಮಾತ್ರ ಹಾಕಬಾರದು. ಆದರೂ ಇಂಥ ಕಡೆ ಫೋನ್ ಚೀಲದೊಳಗಿರಲಿ ಅನ್ನುವುದು ನನ್ನ ಮಾತು.

ಮುಖ್ಯ ಕಟ್ಟಡ ಮುಗಿದ ಕೂಡಲೇ ಗಾಜಿನ ಉದ್ದನೆಯ ಪಡಸಾಲೆ ಬರುತ್ತದೆ. ಬೆಳಕಿದೆ, ಕೂರಲು ಬೆಂಚುಗಳಿವೆ. ಅಲ್ಲಿಂದ ನೋಡಿದರೆ ಸ್ಮಾರಕ ಕಮಾನು ಮತ್ತು ದೂರದ ಡೋಮ್ ಒಂದೇ ಗೆರೆಯಲ್ಲಿ ಕಾಣುತ್ತವೆ. ಈ ಇಡೀ ಪಾರ್ಕನ್ನು ವಾಸ್ತುಶಿಲ್ಪಿ ಕೆಂಝೋ ತಾಂಗೆ ಹಾಗೆಯೇ ವಿನ್ಯಾಸ ಮಾಡಿದರು. ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಮುಂದೆ ಪೂರ್ವ ಕಟ್ಟಡದಲ್ಲಿ ಅಣ್ವಸ್ತ್ರಗಳ ಇತಿಹಾಸ ಇದೆ. ದಣಿವಾಗಿದ್ದರೆ ಅದನ್ನು ಬೇಗ ಮುಗಿಸಬಹುದು. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ.

ಹೊರಗೆ ಬಂದ ಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಜಾಗ ಇದೆ. ಮ್ಯೂಸಿಯಂ ಹತ್ತಿರವೇ, ಉತ್ತರಕ್ಕೆ ಒಂದು ಸಣ್ಣ ತಗ್ಗು ಕಟ್ಟಡ. ನೀವು ನಿಂತಿರುವ ಈ ಪಾರ್ಕು ಮೊದಲಿನಿಂದಲೂ ಪಾರ್ಕಾಗಿರಲಿಲ್ಲ. ನಾಕಾಜಿಮಾ ಅನ್ನುವ ಪೇಟೆ ಇತ್ತು ಇಲ್ಲಿ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಇದ್ದರು. ಹಳೆಯ ಹೆದ್ದಾರಿ ಮೊತೊಯಾಸು ಸೇತುವೆ ದಾಟಿ ಈ ಪೇಟೆಯ ನಡುವೆಯೇ ಹಾದುಹೋಗುತ್ತಿತ್ತು. ಅಂಗಡಿ, ವಸತಿಗೃಹ, ಸಿನಿಮಾ, ದೇವಸ್ಥಾನ ಎಲ್ಲ ಇದ್ದವು. ಮ್ಯೂಸಿಯಂ ಕಟ್ಟಡವನ್ನು ಭೂಕಂಪಕ್ಕೆ ಗಟ್ಟಿ ಮಾಡುವ ಕೆಲಸದ ಹೊತ್ತಿಗೆ ಅಗೆದಾಗ ಕೆಳಗೆ ಆ ಪೇಟೆಯ ಪದರ ಸಿಕ್ಕಿತು. 2022ರ ಮಾರ್ಚ್‌ನಲ್ಲಿ ತೆರೆದ ಈ ಸಣ್ಣ ಪ್ರದರ್ಶನದಲ್ಲಿ ಆಗಿನ ರಸ್ತೆ, ಮನೆಯೊಂದರ ಸುಟ್ಟ ಭಾಗ, ಇದ್ದಿಲಾದ ತಾತಾಮಿ ಚಾಪೆ ಇದ್ದ ಜಾಗದಲ್ಲೇ ಇವೆ. ಪಾರ್ಕಿನ ಹುಲ್ಲಿನ ಕೆಳಗೆ ಎಲ್ಲ ಕಡೆ ಹೀಗೇ ಇದೆ ಅಂತ ಅಲ್ಲಿ ಗೊತ್ತಾಗುತ್ತದೆ. ಟಿಕೆಟ್ ಇಲ್ಲ. ಹತ್ತು ನಿಮಿಷ ಸಾಕು. ಇಡೀ ಪಾರ್ಕಿನಲ್ಲಿ ಒಂದೇ ಒಂದು ಜಾಗ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಅಲ್ಲಿಂದ ಸೇತುವೆ ಕಡೆ ಬಂದರೆ ರೆಸ್ಟ್ ಹೌಸ್. 1929ರಲ್ಲಿ ಕಟ್ಟಿದ ಕಿಮೋನೊ ಅಂಗಡಿ, ಆಮೇಲೆ ಇಂಧನ ವಿತರಣೆಯ ಆಫೀಸಾಯಿತು. ಅವತ್ತು ಕಾಗದ ತರಲು ನೆಲಮಾಳಿಗೆಗೆ ಇಳಿದಿದ್ದ ಒಬ್ಬ ನೌಕರ ಬದುಕಿಕೊಂಡರು. ಆ ನೆಲಮಾಳಿಗೆಗೆ ಈಗಲೂ ಇಳಿದು ನೋಡಬಹುದು. ಮಕ್ಕಳ ಸ್ಮಾರಕ, ಕಾಗದದ ಕೊಕ್ಕರೆಗಳು, ರಕ್ತದ ಕ್ಯಾನ್ಸರಿನಲ್ಲಿ ಆ ಕೊಕ್ಕರೆಗಳನ್ನು ಮಡಿಸುತ್ತಲೇ ತೀರಿಕೊಂಡ ಹುಡುಗಿ ಸದಾಕೊ ಸಾಸಾಕಿಯ ಕಥೆ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಗೆಳತಿ ಹೇಳುತ್ತಾಳೆ. ಕೊರಿಯನ್ ಬಲಿಪಶುಗಳ ಸ್ಮಾರಕದ ಮುಂದೆ ಮಾತ್ರ ಒಂದು ನಿಮಿಷ ನಿಲ್ಲಿ. 1970ರಲ್ಲಿ ಅದನ್ನು ಪಾರ್ಕಿನ ಹೊರಗೆ ನಿಲ್ಲಿಸಿದ್ದರು, ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ. ಹೊಳೆಯ ದಂಡೆಯಲ್ಲಿ ಗಾಂಧೀಜಿಯ ಪ್ರತಿಮೆಯೂ ಇದೆ, 2023ರ ಜಿ7 ಸಭೆಯ ಹೊತ್ತಿಗೆ ಇಟ್ಟದ್ದು.

ಇಲ್ಲಿಗೆ ಹನ್ನೊಂದೂವರೆ ಆಗುತ್ತಾ ಬಂದಿರುತ್ತದೆ. ಹಸಿವಾಗಿರುವುದಿಲ್ಲ ಅನಿಸಬಹುದು, ಆದರೂ ಊಟ ಮಾಡಿ.

ಹಿರೋಶಿಮಾದ ಊಟ ಅಂದರೆ ಒಕೊನೊಮಿಯಾಕಿ. ಬಿಸಿ ಕಾವಲಿಯ ಮೇಲೆ ಒಂದು ಸೌಟು ತೆಳು ಹಿಟ್ಟು ಹುಯ್ದು ದೋಸೆಯ ಹಾಗೆ ಸುತ್ತಿಸುತ್ತಾರೆ. ಅದರ ಮೇಲೆ ಮೀನಿನ ಪುಡಿ ಉದುರಿಸಿ, ಎಲೆಕೋಸು ಗುಡ್ಡೆ ಹಾಕಿ, ಮೊಳಕೆ ಕಾಳು, ಕರಿದ ಹಿಟ್ಟಿನ ಚೂರು, ಹಂದಿ ಮಾಂಸದ ತೆಳು ಹೋಳು ಇಟ್ಟು ಒಂದೇ ಸಲಕ್ಕೆ ಮಗುಚುತ್ತಾರೆ. ಪಕ್ಕದಲ್ಲಿ ನೂಡಲ್ಸ್ ಹುರಿದು ಅದರ ಮೇಲೆ ಇದನ್ನು ಎತ್ತಿಡುತ್ತಾರೆ. ಕೊನೆಗೆ ಮೊಟ್ಟೆ ಒಡೆದು ಹರಡಿ, ಎಲ್ಲವನ್ನೂ ಅದರ ಮೇಲೆ ಕೂರಿಸಿ, ಮತ್ತೆ ಮಗುಚಿ ಕಪ್ಪು ಸಾಸ್ ಬಳಿಯುತ್ತಾರೆ. ತಿನ್ನುವುದು ಕಾವಲಿಯಿಂದಲೇ, ಸಣ್ಣ ಮಗುಚುವ ಕೈಯಿಂದ ಕತ್ತರಿಸಿಕೊಂಡು. ಯುದ್ಧ ಮುಗಿದ ಮೇಲೆ ಅಕ್ಕಿ ಸಿಗುತ್ತಿರಲಿಲ್ಲ, ಗೋಧಿ ಹಿಟ್ಟು ಬರುತ್ತಿತ್ತು. ಗಂಡನನ್ನು ಕಳೆದುಕೊಂಡ ಎಷ್ಟೋ ಹೆಂಗಸರು ಮನೆಯ ಮುಂದಿನ ಕೋಣೆಯಲ್ಲಿ ಕಾವಲಿ ಇಟ್ಟು ಇದನ್ನು ಮಾರಿ ಮಕ್ಕಳನ್ನು ಸಾಕಿದರು. ಈ ತಿಂಡಿ ಆ ಊರಿನ ಇತಿಹಾಸವೇ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ನಿಮ್ಮ ಮಟ್ಟಿಗೆ ಇದರಲ್ಲಿ ನಾಲ್ಕು ಕಡೆ ಎಚ್ಚರ ಬೇಕು. ಮಾಂಸ ಬೇಡ ಅಂದರೆ ಹಂದಿ ಹೋಳು ಮಾತ್ರ ಬಿಡುತ್ತಾರೆ. ಮೀನಿನ ಪುಡಿ ಉಳಿಯುತ್ತದೆ. ಕರಿದ ಚೂರಿನಲ್ಲಿ ಸ್ಕ್ವಿಡ್ ಇರುವುದು ಮಾಮೂಲು. ಸಾಸ್‌ನಲ್ಲೂ ಮಾಂಸದ ಅಥವಾ ಸಿಂಪಿಯ ಸಾರ ಇರುತ್ತದೆ. ಮೊದಲ ಮೂರನ್ನು ಹೆಸರು ಹಿಡಿದು ಬೇಡ ಅಂತ ಹೇಳಬೇಕು: ನಿಕು, ಗ್ಯೋಫುನ್, ಇಕಾತೆನ್ ನಾಶಿದೆ ಒನೆಗಾಇ ಶಿಮಾಸು. ಸಾಸ್ ಬದಲು ಉಪ್ಪು ಅಥವಾ ಸೋಯಾ ಸಾಸ್ ಕೇಳಿ. ಮೊಟ್ಟೆ ತಿನ್ನುವುದಿಲ್ಲವಾದರೆ ತಾಮಾಗೊ ನಾಶಿ ಅಂತಲೂ ಸೇರಿಸಿ. ಗೆಳತಿಗೆ ಇದನ್ನು ಮೊದಲೇ ವಿವರಿಸಿ, ಅಂಗಡಿಯಲ್ಲಿ ಜನ ಕಾಯುತ್ತಿರುವಾಗ ಬೇಡ. ಪಾರ್ಕಿನ ಹತ್ತಿರ, ಮೊತೊಯಾಸು ಸೇತುವೆ ದಾಟಿದ ಕೂಡಲೇ ನಾಗಾತಾಯಾ ಅಂತ ಅಂಗಡಿ ಇದೆ. ಅಲ್ಲಿ ಸಸ್ಯಾಹಾರಿಗಳಿಗೆ ಬೇರೆ ಮೆನುವೇ ಇದೆ. ಕ್ಯೂ ಉದ್ದ, ಹನ್ನೊಂದೂವರೆಗೇ ಹೋದರೆ ಒಳ್ಳೆಯದು. ಕಾವಲಿ ಮಾತ್ರ ಎಲ್ಲರಿಗೂ ಒಂದೇ. ಅದು ನಿಮಗೆ ಆಗುವುದಿಲ್ಲ ಅಂದರೆ ಮನೆಯಿಂದ ಚಪಾತಿ ಪಲ್ಯ ಕಟ್ಟಿಕೊಂಡು ಬನ್ನಿ, ಹೊಳೆಯ ದಂಡೆಯ ಮೆಟ್ಟಿಲ ಮೇಲೆ ಕೂತು ತಿನ್ನಬಹುದು. ಕಸದ ಬುಟ್ಟಿ ಸಿಗುವುದಿಲ್ಲ, ಒಂದು ಕವರ್ ಇಟ್ಟುಕೊಂಡಿರಿ.

ಊಟ ಆದ ಮೇಲೆ ಡೋಮ್‌ನಿಂದ ಮೂರು ನಿಮಿಷದ ಒಂದು ಗಲ್ಲಿಗೆ ಹೋಗಿ. ಅಲ್ಲೊಂದು ಮಾಮೂಲಿ ಆಸ್ಪತ್ರೆ, ಅದರ ಮುಂದೆ ಒಂದು ಸಣ್ಣ ಫಲಕ. ಬಾಂಬ್ ಸಿಡಿದದ್ದು ಸರಿಯಾಗಿ ಈ ಜಾಗದ ಮೇಲೆ. ಗುರಿ ಇಟ್ಟಿದ್ದು ಟಿ ಆಕಾರದ ಆಇಓಇ ಸೇತುವೆಗೆ, ತಪ್ಪಿ ಇಲ್ಲಿಗೆ ಬಂತು. ಆಗಲೂ ಇಲ್ಲಿ ಅದೇ ಮನೆತನದ ಆಸ್ಪತ್ರೆ ಇತ್ತು, ಯುದ್ಧದ ನಂತರ ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. ಈಗಲೂ ರೋಗಿಗಳು ಬಂದು ಹೋಗುತ್ತಾರೆ, ಆದ್ದರಿಂದ ಬಾಗಿಲಿಗೆ ಅಡ್ಡ ನಿಲ್ಲಬೇಡಿ.

ಮುಂದೆ ಹೊಂದೋರಿ ಅನ್ನುವ ಚಾವಣಿ ಹಾಕಿದ ಅಂಗಡಿ ಬೀದಿ. ಬಟ್ಟೆ, ಪುಸ್ತಕ, ಕಾಫಿ, ಶನಿವಾರದ ಗದ್ದಲ. ಅಲ್ಲಿ ಸುಮ್ನೆ ಸುತ್ತಾಡಿ, ಅದರಲ್ಲಿ ಯಾವ ತಪ್ಪೂ ಇಲ್ಲ. ಕೆಂಪು ಬಣ್ಣದ ಕಾರ್ಪ್ ಗುರುತು ಎಲ್ಲೆಲ್ಲೂ ಕಾಣುತ್ತದೆ, ಅದು ಊರಿನ ಬೇಸ್‌ಬಾಲ್ ತಂಡ. 1951ರಲ್ಲಿ ತಂಡದ ಹತ್ತಿರ ಸಂಬಳಕ್ಕೂ ದುಡ್ಡಿಲ್ಲದಾಗ ಮೈದಾನದ ಮುಂದೆ ಸಾಕೆಯ (ಅಕ್ಕಿ ಮದ್ಯದ) ಮರದ ಪೀಪಾಯಿ ಇಟ್ಟರು, ಜನ ಅದಕ್ಕೆ ಚಿಲ್ಲರೆ ಹಾಕಿ ತಂಡ ಉಳಿಸಿಕೊಂಡರು. ಆ ಜನರಲ್ಲಿ ಎಷ್ಟೋ ಮಂದಿಗೆ ಇನ್ನೂ ಸರಿಯಾದ ಮನೆ ಇರಲಿಲ್ಲ.

ಹೊಂದೋರಿಯಿಂದ ಐದು ನಿಮಿಷ ದೂರದಲ್ಲಿ ಫುಕುರೊಮಾಚಿ ಪ್ರಾಥಮಿಕ ಶಾಲೆ ಇದೆ. ಸಿಡಿದ ಜಾಗದಿಂದ 460 ಮೀಟರ್. ಕಾಂಕ್ರೀಟ್ ಕಟ್ಟಡವಾದ್ದರಿಂದ ಚೌಕಟ್ಟು ನಿಂತಿತು, ಗಾಯಾಳುಗಳ ತಾಣವಾಯಿತು. ಬೆಂಕಿಯ ಮಸಿಯಿಂದ ಗೋಡೆಗಳು ಕಪ್ಪಾಗಿದ್ದವು. ತಮ್ಮವರನ್ನು ಹುಡುಕಿ ಬಂದವರು ಬಿದ್ದಿದ್ದ ಸೀಮೆಸುಣ್ಣದಿಂದ ಆ ಕಪ್ಪು ಗೋಡೆಯ ಮೇಲೆ ಬರೆದರು. ಇಂಥವರು ಇಲ್ಲಿದ್ದಾರೆ, ಇಂಥವರು ತೀರಿಕೊಂಡರು, ಮಗಳ ಸುದ್ದಿ ಗೊತ್ತಿದ್ದರೆ ಈ ವಿಳಾಸಕ್ಕೆ ತಿಳಿಸಿ. ಯುದ್ಧದ ನಂತರ ಅದೇ ಗೋಡೆಗೆ ಗಾರೆ ಬಳಿದು ಶಾಲೆ ನಡೆಸಿದರು. ಹಳೆಯ ಕಟ್ಟಡ ಕೆಡವುವ ಹೊತ್ತಿಗೆ ಗಾರೆ ಕಿತ್ತಾಗ ಅಕ್ಷರಗಳು ಮತ್ತೆ ಹೊರಬಂದವು. ಕಟ್ಟಡದ ಒಂದು ಭಾಗವನ್ನು ಉಳಿಸಿ ಮ್ಯೂಸಿಯಂ ಮಾಡಿದ್ದಾರೆ. ಪ್ರವೇಶ ಉಚಿತ, ಜನ ಕಡಿಮೆ. ಪಕ್ಕದ ಹೊಸ ಕಟ್ಟಡದಲ್ಲಿ ಈಗಲೂ ಶಾಲೆ ನಡೆಯುತ್ತದೆ. ಗೆಳತಿ ಇದ್ದರೆ ಗೋಡೆಯ ಮೇಲಿನ ಜಪಾನಿ ಓದಿ ಹೇಳಬಲ್ಲಳು. ನಿಮ್ಮಿಬ್ಬರಿಗೂ ಮಾತು ತಾನಾಗೇ ಶುರುವಾಗುವುದು ಇಲ್ಲಿಯೇ ಇರಬಹುದು.

ಮಾತಿನ ವಿಷಯ. ಜಪಾನಿ ಮಕ್ಕಳು ಶಾಲಾ ಪ್ರವಾಸದಲ್ಲಿ ಹಿರೋಶಿಮಾಕ್ಕೆ ಬರುವುದು ತುಂಬಾ ಸಾಮಾನ್ಯ. ಆದ್ದರಿಂದ ಶುರು ಮಾಡಲು ಸುಲಭದ ಪ್ರಶ್ನೆ ಇದು: ನೀನು ಮೊದಲ ಸಲ ಬಂದಾಗ ಎಷ್ಟು ವರ್ಷ, ಏನು ನೆನಪಿದೆ? ಅವಳು ಹೇಳಲಿ, ನೀವು ಕೇಳಿ. ಅವಳು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಮೌನವನ್ನು ತುಂಬಿಸಬೇಕು ಅಂತೇನಿಲ್ಲ. ಅವಳು ಒಕಾಯಾಮಾದವಳೇ ಆಗಿದ್ದರೆ ಇನ್ನೊಂದು ವಿಷಯ ತಿಳಿದಿರಿ. ನೀವಿರುವ ಆ ಊರೂ 1945ರ ಜೂನ್ 29ರ ಬೆಳಗಿನ ಜಾವ ಬೆಂಕಿ ಬಾಂಬುಗಳಿಗೆ ಸುಟ್ಟುಹೋಯಿತು. 1,700ಕ್ಕೂ ಹೆಚ್ಚು ಜನ ಸತ್ತರು. ನೀವು ನೋಡಿರುವ ಕಪ್ಪು ಕೋಟೆಯ ಗೋಪುರ ಅವತ್ತು ಸುಟ್ಟು, 1966ರಲ್ಲಿ ಮತ್ತೆ ಕಟ್ಟಿದ್ದು. ಅವಳ ಮನೆಯ ಹಿರಿಯರ ಕಥೆ ಅಲ್ಲಿನದ್ದೂ ಆಗಿರಬಹುದು.

ಜಪಾನ್ ಏಷ್ಯಾದಲ್ಲಿ ಮಾಡಿದ್ದರ ಬಗ್ಗೆ ಮಾತು ಬಂದರೆ ಬಚ್ಚಿಡಬೇಕಿಲ್ಲ. ಹಿರೋಶಿಮಾ ಸೈನ್ಯದ ಊರಾಗಿತ್ತು. 1894ರ ಚೀನಾ ಯುದ್ಧದಲ್ಲಿ ಚಕ್ರವರ್ತಿಯ ಸೇನಾ ಕೇಂದ್ರ ಕಾರ್ಯಾಲಯವೇ ಇಲ್ಲಿನ ಕೋಟೆಗೆ ಬಂದಿತ್ತು, ಉಜಿನಾ ಬಂದರಿನಿಂದ ಸೈನಿಕರು ಹಡಗು ಹತ್ತುತ್ತಿದ್ದರು. ಮ್ಯೂಸಿಯಂ ಕೂಡ ಅದನ್ನು ಹೇಳುತ್ತದೆ. ಆದರೆ ಅದನ್ನು ಬಾಂಬ್ ಹಾಕಿದ್ದಕ್ಕೆ ಸಮರ್ಥನೆ ಅನ್ನುವ ಹಾಗೆ ಅವಳ ಮುಂದಿಡಬೇಡಿ. ಆ ಡಬ್ಬಿಯ ಹುಡುಗನಿಗೂ ಟೋಕಿಯೋದಲ್ಲಿ ಯಾರೋ ತೆಗೆದುಕೊಂಡ ತೀರ್ಮಾನಕ್ಕೂ ಸಂಬಂಧವಿಲ್ಲ.

ನಿಮಗೂ ಒಂದು ಪ್ರಶ್ನೆ ಬರಬಹುದು: ನಿಮ್ಮ ದೇಶದ ಹತ್ತಿರವೂ ಅಣುಬಾಂಬ್ ಇದೆಯಲ್ವಾ? ಜಗತ್ತಿನಲ್ಲಿ ಎಲ್ಲೇ ಅಣ್ವಸ್ತ್ರ ಪರೀಕ್ಷೆ ನಡೆದರೂ ಹಿರೋಶಿಮಾದ ಮೇಯರ್ ಆ ದೇಶಕ್ಕೆ ಪ್ರತಿಭಟನೆಯ ಪತ್ರ ಕಳಿಸುತ್ತಾರೆ. 1968ರಿಂದ ನಡೆದುಬಂದಿದೆ. 1998ರ ಪೋಖ್ರಾನ್ ನಂತರ ಭಾರತಕ್ಕೂ ಬಂದಿತ್ತು. ಈ ಪ್ರಶ್ನೆಗೆ ನಿಮ್ಮ ಉತ್ತರ ಏನೇ ಇರಲಿ, ಪ್ರಾಮಾಣಿಕವಾಗಿರಲಿ. ಗೊತ್ತಿಲ್ಲ, ಇನ್ನೂ ಯೋಚಿಸುತ್ತಿದ್ದೇನೆ ಅಂದರೂ ಸರಿ. ಹೊರಡುವ ಮೊದಲು ಒಮ್ಮೆ ಯೋಚಿಸಿಕೊಳ್ಳಿ ಅಷ್ಟೇ.

ಮೂರು ಗಂಟೆ ಹೊತ್ತಿಗೆ ಕೋಟೆಯ ಕಡೆ ನಡೆಯಿರಿ. ಗೋಪುರ 1958ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಹೊರಗಿನಿಂದ ನೋಡಿದರೆ ಸಾಕು. ಆದರೆ ಕಂದಕ ದಾಟಿದ ಕೂಡಲೇ ಒಳಾವರಣದಲ್ಲಿ ಒಂದು ನೀಲಗಿರಿ ಮರ ಇದೆ, ಸಿಡಿದ ಜಾಗದಿಂದ 740 ಮೀಟರ್. ಸುಟ್ಟು ಮತ್ತೆ ಚಿಗುರಿದ ಮರ. ಇಂಥ ಮರಗಳಿಗೆಲ್ಲ ಊರಿನವರು ಹಳದಿ ಫಲಕ ಹಾಕಿದ್ದಾರೆ. ಅಲ್ಲಿಂದ ಹದಿನೈದು ನಿಮಿಷ ನಡೆದರೆ ಶುಕ್ಕೆಇಎನ್ ತೋಟ. 1620ರಲ್ಲಿ ಆಸಾನೊ ದೊರೆಗೆ ಅಂತ ಮಾಡಿದ್ದು. ನಡುವೆ ಕೆರೆ, ಅದರ ಮೇಲೆ ಕಲ್ಲಿನ ಕಮಾನು ಸೇತುವೆ. ಬಾಂಬಿಗೆ ಎಲ್ಲ ಹೋದರೂ ಆ ಕಲ್ಲು ಸೇತುವೆ ನಿಂತಿತು. ಅವತ್ತು ಜನ ಈ ತೋಟಕ್ಕೆ ಓಡಿಬಂದು ಇಲ್ಲೇ ಪ್ರಾಣ ಬಿಟ್ಟರು. ಈಗ ನವೆಂಬರ್‌ನಲ್ಲಿ ಮೇಪಲ್ ಕೆಂಪಾಗಿರುತ್ತದೆ, ಮದುವೆಯ ಫೋಟೊ ತೆಗೆಸುವವರು ಸಿಗುತ್ತಾರೆ. ಐದಕ್ಕೆ ಮುಚ್ಚುತ್ತಾರೆ, ನಾಲ್ಕಕ್ಕಾದರೂ ಒಳಗಿರಿ.

ತೋಟದಿಂದ ಸ್ಟೇಷನ್ ಕಾಲುನಡಿಗೆಯ ದೂರ. ಲ್ಯಾಬಿನವರಿಗೆ ಏನಾದರೂ ಒಯ್ಯಬೇಕಲ್ವಾ, ಮೊಮಿಜಿ ಮಂಜು ಒಂದು ಪೆಟ್ಟಿಗೆ ತೆಗೆದುಕೊಳ್ಳಿ. ಮೇಪಲ್ ಎಲೆಯ ಆಕಾರದ ಕೇಕು, ಒಳಗೆ ಸಿಹಿ ಹೂರಣ. ಮೊಟ್ಟೆ ಇರುತ್ತದೆ. ಲೋಕಲ್ ರೈಲಿನಲ್ಲಿ ವಾಪಸ್ ಹೋಗುವುದಾದರೆ ಏಳು ಗಂಟೆಯೊಳಗೆ ಹತ್ತಿಬಿಡಿ, ತಡವಾದರೆ ಇತೊಝಾಕಿಯಲ್ಲಿ ಮುಂದಿನ ಗಾಡಿಗೆ ಚಳಿಯಲ್ಲಿ ಕಾಯಬೇಕಾಗುತ್ತದೆ. ಎಲ್ಲ ಸೇರಿ ಒಬ್ಬರಿಗೆ 12,000 ಯೆನ್ ಆಸುಪಾಸು ಆಗುತ್ತದೆ. ಎರಡೂ ಕಡೆ ಲೋಕಲ್ ಹಿಡಿದರೆ ಅದರಲ್ಲಿ ಮೂರು ಸಾವಿರ ಉಳಿಯುತ್ತದೆ, ಆಗ ಮ್ಯೂಸಿಯಂ ಟಿಕೆಟ್ಟನ್ನು ಬೆಳಗಿನ ಬದಲು ಸಂಜೆಯ ಕೊನೆಯ ಹೊತ್ತಿಗೆ ಮಾಡಿಸಿ, ಊರನ್ನು ಮೊದಲು ನೋಡಿ. ಸಂಜೆಯ ಹೊತ್ತಿಗೂ ಆನ್‌ಲೈನ್ ಬುಕಿಂಗ್ ಬೇಕು. ಹಾಗೆ ಮಾಡಿದರೆ ವಾಪಸ್ ಬರಲು ಶಿಂಕಾನ್ಸೆನ್ನೇ ಗತಿಯಾಗಬಹುದು, ಆಗ ಆ ಉಳಿತಾಯವೂ ಹೋಗುತ್ತದೆ, ಕೊನೆಯ ಲೋಕಲ್ ಸಮಯ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಮಿಯಾಜಿಮಾಕ್ಕೆ ಹೋಗುವ ದಿನ ಸಮುದ್ರದ ಉಬ್ಬರ ಇಳಿತದ ಸಮಯ ನೋಡಿಕೊಂಡು ಹೊರಡಿ. ಉಬ್ಬರದಲ್ಲಿ ಅಲ್ಲಿನ ದೇಗುಲದ ಹೆಬ್ಬಾಗಿಲು ನೀರಿನಲ್ಲಿ ನಿಂತಿರುತ್ತದೆ, ಇಳಿತದಲ್ಲಿ ಅದರ ಬುಡದವರೆಗೆ ನಡೆದು ಹೋಗಬಹುದು. ದೋಣಿ ಟಿಕೆಟ್ ಜೊತೆ 100 ಯೆನ್ ಪ್ರವಾಸಿ ತೆರಿಗೆ ಇದೆ.